ಮಧ್ಯಕಾಲೀನ ಸಚಿತ್ರ ಹಸ್ತಪ್ರತಿಗಳಲ್ಲಿ ಅದೃಷ್ಟ ಮತ್ತು ದುರದೃಷ್ಟ: ಉಳ್ಳಾಲದ ಚೌಟರ ಸೀಮೆಯಿಂದ ಒಂದು ನೋಟ

ನಾವು ದಿನನಿತ್ಯ ಬಳಸುವ ‘ಅದೃಷ್ಟ’ ಎಂಬ ಮಾತಿನ ಮೂಲಾರ್ಥ ‘ಕಾಣದುದು’ ಎಂದು. ನ್ಯಾಯ–ವೈಶೇಷಿಕ ದರ್ಶನಗಳಲ್ಲಿ ಅದು ಧರ್ಮಾಧರ್ಮಗಳೆಂಬ ಆತ್ಮಗುಣಗಳನ್ನು ಸೂಚಿಸುವ ಪಾರಿಭಾಷಿಕ ಪದ. ಮಾಡಿದ ಕರ್ಮಕ್ಕೂ ಉಣ್ಣುವ ಫಲಕ್ಕೂ ನಡುವೆ ಇರುವ, ಕಣ್ಣಿಗೆ ಬೀಳದ ಕೊಂಡಿ ಅದು. ಬಳಕೆಯ ಕನ್ನಡದಲ್ಲಿ ಅದರ ಅರ್ಥ ಒಳ್ಳೆಯ ಫಲಕ್ಕಷ್ಟೇ ಸೀಮಿತವಾಗಿ, ಕೆಟ್ಟ ಫಲವನ್ನು ಹೇಳಲು ‘ದುರದೃಷ್ಟ’ವೆಂಬ ಇನ್ನೊಂದು ಮಾತು ಬೇಕಾಯಿತು. ಹೆಸರಿನಲ್ಲಿಯೇ ಕಾಣದುದೆಂದು ಹೇಳಿಸಿಕೊಂಡದ್ದನ್ನು ಚಿತ್ರಕಾರನು ಕಾಣಿಸುವುದು ಹೇಗೆ? ಮಧ್ಯಯುಗದ ಸಚಿತ್ರ ಹಸ್ತಪ್ರತಿಗಳನ್ನು ಅಧ್ಯಯನ ಮಾಡುವವರು ಈ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ.

ಯುರೋಪಿನ ಹಸ್ತಪ್ರತಿಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರ ಸುಪರಿಚಿತವಾಗಿದೆ. ಅಲ್ಲಿ ಅದೃಷ್ಟಕ್ಕೆ ಒಂದು ದೇಹವನ್ನು ಕೊಡಲಾಯಿತು. ಫೋರ್ಚೂನಾ ಎಂಬ ದೇವತೆ ಚಕ್ರವೊಂದನ್ನು ತಿರುಗಿಸುತ್ತಾಳೆ. ಅದರ ಒಂದು ಮಗ್ಗುಲಲ್ಲಿ ಏರುವವನು, ನೆತ್ತಿಯಲ್ಲಿ ಕಿರೀಟ ಧರಿಸಿ ಕುಳಿತವನು, ಇನ್ನೊಂದು ಮಗ್ಗುಲಲ್ಲಿ ಜಾರುವವನು, ಅಡಿಯಲ್ಲಿ ರಾಜ್ಯ ಕಳೆದುಕೊಂಡು ಬಿದ್ದವನು. 6ನೆಯ ಶತಮಾನದಲ್ಲಿ ಸೆರೆಮನೆಯಲ್ಲಿದ್ದ ಬೊಯೆಥಿಯಸ್ ತನ್ನ ಕೃತಿಯಲ್ಲಿ ವಿವರಿಸಿದ ಈ ಕಲ್ಪನೆ ಮುಂದಿನ ಶತಮಾನಗಳ ಚಿತ್ರಕಾರರಿಗೆ ಆಧಾರವಾಯಿತು. ಇಂದು ಮ್ಯೂನಿಕ್‌ನ ಗ್ರಂಥಾಲಯದಲ್ಲಿರುವ, 1230ರ ಸುಮಾರಿನ ‘ಕಾರ್ಮಿನಾ ಬುರಾನಾ’ ಹಸ್ತಪ್ರತಿಯ ಚಕ್ರವು ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. ಕರ್ನಾಟಕದ ಹಸ್ತಪ್ರತಿಗಳಲ್ಲಿ ಇಂತಹ ಚಕ್ರವನ್ನು ಹುಡುಕಹೊರಡುವುದು ಸರಿಯಾದ ಕ್ರಮವಲ್ಲ. ನಮ್ಮ ಹಸ್ತಪ್ರತಿಗಳು ಇದೇ ಪ್ರಶ್ನೆಗೆ ಯಾವ ಉತ್ತರ ಕೊಟ್ಟಿವೆ ಎಂದು ಕೇಳುವುದು ಹೆಚ್ಚು ಫಲಕಾರಿ. ಪ್ರಸ್ತುತ ಲೇಖನದಲ್ಲಿ ಅಂತಹ ಎರಡು ಉತ್ತರಗಳನ್ನು ಪರಿಶೀಲಿಸಲಾಗಿದೆ: ಒಂದು, ಮೂಡುಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ತಾಡವೋಲೆಗಳು, ಇನ್ನೊಂದು, ಬಿಜಾಪುರದ ‘ನುಜೂಮ್ ಅಲ್-ಉಲೂಮ್’.

ಉಳ್ಳಾಲದ ನೆಲೆ

ಕಾಲ, ಭಾಷೆ, ಮತ ಎಲ್ಲದರಲ್ಲಿಯೂ ದೂರವಿರುವ ಈ ಎರಡು ಗ್ರಂಥಗಳನ್ನು ಒಟ್ಟಿಗೆ ಇಟ್ಟು ನೋಡಲು ಉಳ್ಳಾಲದ ಇತಿಹಾಸವೇ ಆಸ್ಪದ ಕೊಡುತ್ತದೆ. ನೇತ್ರಾವತಿಯ ದಕ್ಷಿಣ ದಡದ ಉಳ್ಳಾಲ–ಸೋಮೇಶ್ವರ, ಒಳನಾಡಿನ ಪುತ್ತಿಗೆ ಮತ್ತು ಮೂಡುಬಿದಿರೆ ಇವು ಚೌಟ ಅರಸುಮನೆತನದ ನೆಲೆಗಳು. ಅಳಿಯಸಂತಾನ ಪದ್ಧತಿಯ ಈ ಮನೆತನ ಜೈನಧರ್ಮವನ್ನು ಅನುಸರಿಸುತ್ತಿತ್ತು. ಮೂಡುಬಿದಿರೆಯ ಬಸದಿಗಳು ಬೆಳೆದ ಕಾಲದಲ್ಲಿ ಕರಾವಳಿಯ ಬಂದರುಗಳ ಅಕ್ಕಿ, ಕರಿಮೆಣಸುಗಳ ವ್ಯಾಪಾರ ಈ ಸೀಮೆಯ ಸಂಪತ್ತಿಗೆ ಮೂಲವಾಗಿತ್ತು. ಸಮುದ್ರವ್ಯಾಪಾರವನ್ನು ನಂಬಿದ ನಾಡಿಗೆ ಲಾಭ–ನಷ್ಟ, ಏಳು–ಬೀಳುಗಳ ಚಿಂತೆ ಗ್ರಂಥಸ್ಥ ತತ್ತ್ವವಾಗಿ ಮಾತ್ರ ಉಳಿಯುವಂತಿರಲಿಲ್ಲ.

ಈ ಮನೆತನದ ರಾಣಿ ಅಬ್ಬಕ್ಕನ ಕಾಲದಲ್ಲಿ ಆ ಚಿಂತೆ ಅತ್ಯಂತ ತೀವ್ರರೂಪವನ್ನು ತಾಳಿತು. 1568ರಲ್ಲಿ ಪೋರ್ಚುಗೀಸರು ಉಳ್ಳಾಲದ ಮೇಲೆ ದಾಳಿ ನಡೆಸಿ ಮಂಗಳೂರಿನಲ್ಲಿ ಕೋಟೆ ಕಟ್ಟಿಕೊಂಡರು. 1570ರಲ್ಲಿ ಬಿಜಾಪುರದ ಒಂದನೆಯ ಅಲಿ ಆದಿಲ್‌ಶಾಹ, ಅಹಮದ್‌ನಗರದ ಸುಲ್ತಾನ ಹಾಗೂ ಕಲ್ಲಿಕೋಟೆಯ ಸಾಮೂದಿರಿ ಪೋರ್ಚುಗೀಸರ ವಿರುದ್ಧ ಒಂದಾದರು. ಅಬ್ಬಕ್ಕನೂ ಈ ಕೂಟದ ಕಡೆಗಿದ್ದಳೆಂದು ನಮ್ಮ ಸ್ಥಳೀಯ ಇತಿಹಾಸಕಾರರು ಬರೆದಿದ್ದಾರೆ. ಹೀಗೆ ಒಂದು ಕಡೆ ಚೌಟರ ಸೀಮೆಯ ಮೂಡುಬಿದಿರೆಯಲ್ಲಿ ಪೂಜೆಗೊಳ್ಳುತ್ತಿದ್ದ ಕರ್ಮಸಿದ್ಧಾಂತದ ಓಲೆಗಳು, ಇನ್ನೊಂದು ಕಡೆ ಇದೇ 1570–71ರಲ್ಲಿ ಬಿಜಾಪುರದಲ್ಲಿ ಸಿದ್ಧವಾದ ಗ್ರಹಬಲ–ಮಂತ್ರಬಲಗಳ ಸಚಿತ್ರ ಗ್ರಂಥ. ಒಂದೇ ಯುದ್ಧದ ಒಂದೇ ಪಕ್ಷದಲ್ಲಿದ್ದವರ ಬಳಿ ಭಾಗ್ಯ–ದೌರ್ಭಾಗ್ಯಗಳನ್ನು ಕುರಿತ ಎರಡು ಭಿನ್ನ ಚಿತ್ರಭಾಷೆಗಳಿದ್ದವು ಎಂಬುದು ಗಮನಾರ್ಹ.

ಮೂಡುಬಿದಿರೆಯ ಓಲೆಗಳು

ಪುಷ್ಪದಂತ–ಭೂತಬಲಿ ಆಚಾರ್ಯರ ‘ಷಟ್ಖಂಡಾಗಮ’, ಅದಕ್ಕೆ ವೀರಸೇನಾಚಾರ್ಯರು 816ರಲ್ಲಿ ಪೂರ್ಣಗೊಳಿಸಿದ ‘ಧವಲಾ’ ಟೀಕೆ, ‘ಕಷಾಯಪಾಹುಡ’ಕ್ಕೆ ವೀರಸೇನರು ಆರಂಭಿಸಿ ಜಿನಸೇನರು 837ರಲ್ಲಿ ಮುಗಿಸಿದ ‘ಜಯಧವಲಾ’, ‘ಮಹಾಧವಲ’ವೆಂದು ಪ್ರಸಿದ್ಧವಾದ ‘ಮಹಾಬಂಧ’ ಇವು ದಿಗಂಬರ ಪರಂಪರೆಯ ಸಿದ್ಧಾಂತಗ್ರಂಥಗಳು. ಇವುಗಳ ಹಳಗನ್ನಡ ಲಿಪಿಯ ಪ್ರಾಚೀನ ತಾಡವೋಲೆ ಪ್ರತಿಗಳು ಉಳಿದುಬಂದದ್ದು ಮೂಡುಬಿದಿರೆಯ ಗುರುಬಸದಿಯಲ್ಲಿ. ಆ ಬಸದಿಗೆ ‘ಸಿದ್ಧಾಂತ ಬಸದಿ’ ಎಂಬ ಹೆಸರು ಬಂದದ್ದೂ ಇವುಗಳಿಂದಲೇ. ಪರಚಕ್ರದ ಭೀತಿಯ ಕಾಲದಲ್ಲಿ ಶ್ರವಣಬೆಳಗೊಳದಿಂದ ಇವನ್ನು ಇಲ್ಲಿಗೆ ತರಲಾಯಿತೆಂಬ ಪ್ರತೀತಿಯಿದೆ.

ಧವಲಾ ಪ್ರತಿಯ ಪ್ರಶಸ್ತಿಯಿಂದ ತಿಳಿಯುವಂತೆ, ಬನ್ನಿಕೆರೆಯ ಚೈತ್ಯಾಲಯಕ್ಕೆ ಸಂಬಂಧಿಸಿದ, ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕನು ಶ್ರುತಪಂಚಮಿ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಆ ಪ್ರತಿಯನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಇದರ ಕಾಲವನ್ನು 1113ರ ಸುಮಾರು ಎಂದು ಎಣಿಸಲಾಗಿದೆ. ಮಹಾಬಂಧದ ಪ್ರತಿಯನ್ನು ಬರೆಯಿಸಿದವಳು ಸೇನರಾಜನ ಪತ್ನಿ ಮಲ್ಲಿಕಬ್ಬೆ. ಅವಳದೂ ಪಂಚಮಿ ವ್ರತದ ಉದ್ಯಾಪನೆಯೇ, ಅದು ಸಂದದ್ದು ಮಾಘನಂದಿ ಮುನಿಗಳಿಗೆ. ಈ ಓಲೆಗಳ ಪೈಕಿ ಕೆಲವು ಮಾತ್ರ ಸಚಿತ್ರವಾಗಿವೆ. ಸಿಂಹಪೀಠದಲ್ಲಿ ಕುಳಿತ ಜಿನರು, ಹೆಡೆಯ ನೆರಳಿನಲ್ಲಿರುವ ಪಾರ್ಶ್ವನಾಥ, ಅವನ ಪಕ್ಕದ ಧರಣೇಂದ್ರ–ಪದ್ಮಾವತಿಯರು, ಬಳ್ಳಿ ಹಬ್ಬಿದ ಬಾಹುಬಲಿ, ವೃಷಭವಾಹನದ ಕಾಳಿ, ಕೂರ್ಮವಾಹನದ ಅಜಿತ, ಹಂಸವಾಹನದ ಮಹಾಮಾನಸಿ, ಶ್ರುತದೇವಿ, ಕೈಮುಗಿದ ಭಕ್ತರು ಇವುಗಳ ವಸ್ತು. ಇವನ್ನು ಕಲಾಚರಿತ್ರೆಯ ಗಮನಕ್ಕೆ ತಂದವರಲ್ಲಿ ಸಿ. ಶಿವರಾಮಮೂರ್ತಿ ಅವರು ಪ್ರಮುಖರು. ಮೋತಿಚಂದ್ರ, ಯು. ಪಿ. ಶಾ, ಸರಯೂ ದೋಶಿ ಮೊದಲಾದವರು ಚರ್ಚೆಯನ್ನು ಮುಂದುವರಿಸಿದ್ದಾರೆ.

ಈ ಚರ್ಚೆಗಳಲ್ಲಿ ರೇಖೆ, ವರ್ಣ, ಶೈಲಿಗಳ ವಿವೇಚನೆ ಸಾಕಷ್ಟು ನಡೆದಿದೆ. ಆದರೆ ಚಿತ್ರಕ್ಕೂ ಪಠ್ಯಕ್ಕೂ ಇರುವ ಸಂಬಂಧದ ವಿಷಯದಲ್ಲಿ ಒಂದು ಸುಲಭ ತೀರ್ಮಾನ ಬೇರೂರಿದೆ: ಪಠ್ಯದಲ್ಲಿ ಕಥೆಯಿಲ್ಲ, ಇರುವುದು ಕರ್ಮದ ಗಣಿತ, ಆದ್ದರಿಂದ ಚಿತ್ರಗಳು ಪಠ್ಯಕ್ಕೆ ಸಂಬಂಧಿಸದ ಅಲಂಕಾರಗಳು ಎಂಬುದು ಆ ತೀರ್ಮಾನ. ಇದನ್ನು ಮರುಪರಿಶೀಲಿಸಬೇಕಾಗಿದೆ.

ಪಠ್ಯವು ಹೇಳುವುದೇನು

ಭಾಗ್ಯ–ದೌರ್ಭಾಗ್ಯಗಳನ್ನು ಕುರಿತು ಈ ಸಿದ್ಧಾಂತಗ್ರಂಥಗಳಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದ ಗ್ರಂಥಗಳು ವಿರಳ. ಜೈನಮತದ ಪ್ರಕಾರ ಕರ್ಮವು ಒಂದು ಗುಣವಲ್ಲ, ದ್ರವ್ಯ. ಇಂದ್ರಿಯಗಳಿಗೆ ಗೋಚರವಾಗದಷ್ಟು ಸೂಕ್ಷ್ಮವಾದ ಪುದ್ಗಲ. ಅದು ಜೀವಕ್ಕೆ ಅಂಟಿಕೊಳ್ಳುವುದೇ ಬಂಧ. ಮಹಾಬಂಧವು ಅದನ್ನು ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶ ಎಂಬ ನಾಲ್ಕು ಬಗೆಯಿಂದ ವಿವೇಚಿಸುತ್ತದೆ. ಅಂದರೆ ಅಂಟಿದ ಕರ್ಮದ ಸ್ವಭಾವ ಯಾವುದು, ಅದು ಎಷ್ಟು ಕಾಲ ಇರುತ್ತದೆ, ಅದರ ಫಲದ ತೀವ್ರತೆ ಎಷ್ಟು, ಅದರ ಪ್ರಮಾಣ ಎಷ್ಟು ಎಂಬುದು. ಎಂಟು ಮೂಲಕರ್ಮಗಳ ಉತ್ತರಪ್ರಕೃತಿಗಳು 148. ಅವುಗಳಲ್ಲಿ ಸುಖವನ್ನು ಉಣಿಸುವುದು ಸಾತಾವೇದನೀಯ, ದುಃಖವನ್ನು ಉಣಿಸುವುದು ಅಸಾತಾವೇದನೀಯ. ಹುಟ್ಟಿನ ಉಚ್ಚ–ನೀಚತೆಗಳಿಗೆ ಗೋತ್ರಕರ್ಮ ಕಾರಣ. ಅಂತರಾಯಕರ್ಮದ ಐದು ಭೇದಗಳಲ್ಲಿ ಲಾಭಾಂತರಾಯವೆಂಬುದೊಂದಿದೆ: ಕೊಡುವವನೂ ಇದ್ದು, ಕೊಡತಕ್ಕ ವಸ್ತುವೂ ಇದ್ದು, ಬೇಡುವವನಿಗೆ ಯೋಗ್ಯತೆಯೂ ಇದ್ದು, ಆದರೂ ಕೈಗೆ ಬಾರದಂತೆ ತಡೆಯುವುದು ಇದರ ಕೆಲಸ. ನಾವು ‘ನತದೃಷ್ಟ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದನ್ನು ಶಾಸ್ತ್ರಕಾರರು ಹೀಗೆ ಬಿಡಿಸಿ ನೋಡಿದ್ದಾರೆ.

ಇಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದು, ಚಕ್ರವನ್ನು ತಿರುಗಿಸುವವರು ಇಲ್ಲಿ ಯಾರೂ ಇಲ್ಲ. ಕೊಡುವ ದೇವರಾಗಲಿ ಕಸಿಯುವ ದೇವರಾಗಲಿ ಈ ಲೆಕ್ಕದೊಳಗೆ ಬರುವುದಿಲ್ಲ. ಎರಡನೆಯದು, ಬಂಧವಾದ ಕರ್ಮ ಬದಲಾಗದ ವಿಧಿಯಲ್ಲ. ಸಂಕ್ರಮಣ, ಉದೀರಣೆ ಮೊದಲಾದ ಕರಣಗಳಿಂದ ಒಂದು ಪ್ರಕೃತಿ ಇನ್ನೊಂದಾಗಿ ಮಾರ್ಪಡಬಹುದು, ಕಾಲಕ್ಕೆ ಮೊದಲೇ ಫಲ ಕೊಟ್ಟು ಮುಗಿಯಬಹುದು. ಜನರ ಮಾತಿನ ‘ಹಣೆಬರಹ’ ಅಳಿಸಲಾಗದುದು. ಸಿದ್ಧಾಂತಗ್ರಂಥದ ಕರ್ಮ ಪರಿಣಾಮದ ಶುದ್ಧಿಯಿಂದ ತಿದ್ದಲು ಬರುವಂಥದು.

ಇಂತಹ ಪಠ್ಯಕ್ಕೆ ಫೋರ್ಚೂನಾಳಂತಹ ಒಂದು ಮೂರ್ತಿಯನ್ನು ಬರೆದರೆ ಅದು ಸಿದ್ಧಾಂತಕ್ಕೇ ವಿರುದ್ಧವಾಗುತ್ತಿತ್ತು. ಚಿತ್ರಕಾರನು ಅದೃಷ್ಟವನ್ನು ಅದೃಷ್ಟವಾಗಿಯೇ ಬಿಟ್ಟು, ಅದರ ಬಂಧ ಕಳಚಿದ ಸ್ಥಿತಿಯನ್ನು, ಎಂದರೆ ನಿಶ್ಚಲನಾದ ಜಿನನನ್ನು ಚಿತ್ರಿಸಿದ್ದಾನೆ. ಇದನ್ನು ಪಠ್ಯಕ್ಕೆ ಸಂಬಂಧಿಸದ ಅಲಂಕಾರವೆನ್ನುವುದಕ್ಕಿಂತ ಪಠ್ಯದ ಕೊನೆಯ ವಾಕ್ಯವೆನ್ನುವುದು ಹೆಚ್ಚು ಸಮಂಜಸ.

ಆಕ್ರಮಣಕಾರನಿಲ್ಲದ ಉಪಸರ್ಗ

ಪಾರ್ಶ್ವನಾಥನ ಚಿತ್ರ ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ತಪಸ್ಸಿನಲ್ಲಿದ್ದ ಪಾರ್ಶ್ವನಾಥನ ಮೇಲೆ ಪೂರ್ವಜನ್ಮಗಳ ವೈರಿಯಾದ ಕಮಠನು ಮಳೆ, ಗಾಳಿ, ಬಂಡೆಗಳಿಂದ ಎರಗಿದಾಗ ಧರಣೇಂದ್ರನು ಹೆಡೆಯೆತ್ತಿ ಕಾಪಾಡಿದನೆಂಬುದು ಪುರಾಣಪ್ರಸಿದ್ಧ ಕಥೆ. ಬಾದಾಮಿ ಮತ್ತು ಐಹೊಳೆಯ ಜೈನ ಗುಹೆಗಳ ಶಿಲ್ಪಗಳಲ್ಲಿ ಈ ಉಪಸರ್ಗದ ಕಥೆಯಿದೆ. ಎಲ್ಲೋರದ ಶಿಲ್ಪಗಳಲ್ಲಂತೂ ಸುತ್ತಲೂ ಮುತ್ತಿಗೆ ಹಾಕುವ ವಿಕಾರರೂಪಗಳು ತುಂಬಿವೆ. ಅಲ್ಲಿ ದುರದೃಷ್ಟಕ್ಕೆ ಒಂದು ಮುಖವಿದೆ, ಎತ್ತಿದ ಕೈಯಿದೆ. ಮೂಡುಬಿದಿರೆಯ ಓಲೆಯಲ್ಲಿ ಪಾರ್ಶ್ವನಾಥ ಕುಳಿತಿದ್ದಾನೆ. ಹೆಡೆಯಿದೆ, ಇಕ್ಕೆಲದಲ್ಲಿ ರಕ್ಷಕರಿದ್ದಾರೆ, ಕಮಠನ ಆಕ್ರಮಣ ದೃಶ್ಯದಲ್ಲಿಲ್ಲ. ಆಪತ್ತು ಬಂದಿತ್ತೆಂಬುದಕ್ಕೆ ಆ ಹೆಡೆಯೊಂದೇ ಸಾಕ್ಷಿ. ಬಾಹುಬಲಿಯ ಚಿತ್ರದಲ್ಲಿಯೂ ಕ್ರಮ ಇದೇ: ಯುದ್ಧವಿಲ್ಲ, ಗೆದ್ದ ರಾಜ್ಯವಿಲ್ಲ, ಅವೆಲ್ಲ ಮುಗಿದು ಹೋದದ್ದನ್ನು ಮೈಗೆ ಹಬ್ಬಿದ ಬಳ್ಳಿ ಹೇಳುತ್ತದೆ.

ಇದಕ್ಕೆ ಓಲೆಯ ಇಕ್ಕಟ್ಟೇ ಕಾರಣವೆಂದು ವಾದಿಸಬಹುದು. ಕೆಲವೇ ಅಂಗುಲ ಅಗಲದ ಗರಿಯಲ್ಲಿ ಕಥಾಪ್ರಸಂಗಕ್ಕೆ ಎಡೆಯಿಲ್ಲವೆಂಬುದು ನಿಜ. ಆದರೆ ಭಕ್ತರಿಗೆ, ಚಾಮರಧಾರಿಗಳಿಗೆ, ಯಕ್ಷರ ವಾಹನಗಳಿಗೆ ದೊರೆತ ಎಡೆ ಕಮಠನಿಗೆ ದೊರೆಯಲಿಲ್ಲ ಎಂಬುದನ್ನು ಈ ವಾದ ವಿವರಿಸುವುದಿಲ್ಲ. ಕರ್ಮದ ಕಥೆಯನ್ನೇ ಚಿತ್ರಿಸಬೇಕೆಂದಾಗ ಜೈನ ಪರಂಪರೆಯು ಬೇರೆ ಮಾಧ್ಯಮಗಳನ್ನೂ ಬೇರೆ ಗ್ರಂಥಗಳನ್ನೂ ಆರಿಸಿಕೊಂಡಿದೆ. ಒಂದು ಹಿಟ್ಟಿನ ಕೋಳಿಯ ಬಲಿಯಿಂದ ಜನ್ಮಜನ್ಮಾಂತರದ ದುಃಖ ಉಣ್ಣುವ ಯಶೋಧರನ ಕಥೆ ಕನ್ನಡದಲ್ಲಿ 1209ರಲ್ಲಿ ಜನ್ನನಿಂದ ಕಾವ್ಯವಾಯಿತು. ಉತ್ತರಭಾರತದಲ್ಲಿ ಅದೇ ಕಥೆಯ ಅಪಭ್ರಂಶ ಕೃತಿಗಳು ಸಚಿತ್ರ ಹಸ್ತಪ್ರತಿಗಳಾದವು. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಆರು ಲೇಶ್ಯೆಗಳನ್ನು ತಿಳಿಸುವ ಮರದ ದೃಷ್ಟಾಂತ ಚಿತ್ರಿತವಾಗಿದೆ. ಹಣ್ಣಿಗಾಗಿ ಬುಡವನ್ನೇ ಕಡಿಯಹೊರಟವನಿಂದ ಉದುರಿದ್ದನ್ನಷ್ಟೇ ಆಯುವವನವರೆಗೆ ಆರು ಮಂದಿ ಅಲ್ಲಿದ್ದಾರೆ. ಗೋಡೆಯ ಚಿತ್ರ ನೋಡುಗನಿಗೆ ಬೋಧಿಸುತ್ತದೆ. ಸಿದ್ಧಾಂತ ಬಸದಿಯ ಓಲೆಯ ಚಿತ್ರಕ್ಕೆ ಬೋಧನೆ ಉದ್ದೇಶವಲ್ಲ. ಹಾಗಾದರೆ ಅದರ ಕಾರ್ಯವೇನು?

ಮಂಗಲವಾಗಿ ಚಿತ್ರ

ಉತ್ತರ ಧವಲೆಯ ಆರಂಭದಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಷಟ್ಖಂಡಾಗಮವು ಪಂಚನಮಸ್ಕಾರದಿಂದ ಮೊದಲಾಗುತ್ತದೆ. ಅದನ್ನು ವ್ಯಾಖ್ಯಾನಿಸುವ ವೀರಸೇನರು ಮಂಗಲವೆಂದರೇನು, ಗ್ರಂಥಕ್ಕೆ ಅದೇಕೆ ಬೇಕು ಎಂಬುದನ್ನು ವಿಸ್ತಾರವಾಗಿ ಚರ್ಚಿಸುತ್ತಾರೆ. ಪಾಪಮಲವನ್ನು ಕರಗಿಸುವುದು ಮಂಗಲ. ಆದಿಯಲ್ಲಿ, ಮಧ್ಯದಲ್ಲಿ, ಅಂತ್ಯದಲ್ಲಿ ಅದನ್ನು ಮಾಡಬೇಕು. ಶಿಷ್ಯರು ಶಾಸ್ತ್ರದ ಪಾರವನ್ನು ಮುಟ್ಟುವುದು, ವಿದ್ಯೆ ನಿರ್ವಿಘ್ನವಾಗುವುದು, ವಿದ್ಯಾಫಲ ದೊರೆಯುವುದು ಇದರ ಪ್ರಯೋಜನ ಎಂಬುದು ಅಲ್ಲಿನ ಆಶಯ. ವಿಘ್ನವೆಂದರೆ ಅಂತರಾಯ. ಎಂದರೆ, ದುರದೃಷ್ಟವನ್ನು ಕುರಿತ ಗ್ರಂಥ ತನಗೇ ಬರಬಹುದಾದ ದುರದೃಷ್ಟದ ಬಗ್ಗೆ ಮೊದಲಲ್ಲಿಯೇ ಎಚ್ಚರ ವಹಿಸುತ್ತದೆ.

ಸಚಿತ್ರ ಓಲೆಯ ಇಕ್ಕೆಲಗಳಲ್ಲಿಯೂ ನಡುವಿನಲ್ಲಿಯೂ ಬರಹವನ್ನು ತಡೆದು ನಿಲ್ಲುವ ಜಿನ–ಯಕ್ಷ–ಶ್ರುತದೇವಿಯರ ಚಿತ್ರಗಳನ್ನು ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಅವು ಪಠ್ಯದ ವಿವರಣೆಗಳಲ್ಲ, ಪಠ್ಯದ ರಕ್ಷೆಗಳು. ಬಣ್ಣದಲ್ಲಿ ಬರೆದ ಮಂಗಲಗಳು. ಬರೆಯಿಸಿದ ದೇಮಿಯಕ್ಕ, ಮಲ್ಲಿಕಬ್ಬೆಯರಿಗೂ ಇದೇ ಅನ್ವಯಿಸುತ್ತದೆ. ಶಾಸ್ತ್ರದಾನವು ಪುಣ್ಯಬಂಧಕ್ಕೆ ಕಾರಣವಾದ ಕ್ರಿಯೆ. ವ್ರತದ ಕೊನೆಗೆ ಒಪ್ಪಿಸಿದ ಆ ಓಲೆಕಟ್ಟು ಭಾಗ್ಯವನ್ನು ವರ್ಣಿಸುವ ವಸ್ತು ಮಾತ್ರವಾಗಿರಲಿಲ್ಲ, ಭಾಗ್ಯವನ್ನು ಗಳಿಸುವ ಸಾಧನವೂ ಆಗಿತ್ತು. ಆ ಕಟ್ಟನ್ನು ಬಿಚ್ಚಿ ಚಿತ್ರಗಳನ್ನು ಎಷ್ಟು ಮಂದಿ ನೋಡಿದರೆಂಬುದರಿಂದ ಅದರ ಸಾರ್ಥಕತೆಗೆ ಕುಂದು ಬರುವುದಿಲ್ಲ.

ಕೊಡುವವರಿಲ್ಲವೆಂದು ಹೇಳುವ ಗ್ರಂಥದಲ್ಲಿ ಕಾಪಾಡುವ ಯಕ್ಷಿಯರಿಗೆ ಸ್ಥಾನ ಹೇಗೆ ಎಂಬ ಆಕ್ಷೇಪಕ್ಕೆ ‘ಶ್ರಾವಕರಿಗಾಗಿ ಮಾಡಿಕೊಂಡ ರಾಜಿ’ ಎಂಬ ಉತ್ತರ ರೂಢಿಯಲ್ಲಿದೆ. ಅದು ಅರ್ಧಸತ್ಯ. ಯಕ್ಷಿಯು ಕರ್ಮವನ್ನು ಬದಲಿಸುವುದಿಲ್ಲ. ಜಿನಶಾಸನವನ್ನೂ ಅದರ ಗ್ರಂಥವನ್ನೂ ಕಾಯುತ್ತಾಳೆ. ಉಳ್ಳಾಲದ ಚೌಟರ ಬದುಕಿನಲ್ಲಿಯೂ ಈ ಎರಡು ಸ್ತರಗಳು ಒಟ್ಟಿಗೆ ಇದ್ದವು. ಜಿನಭಕ್ತರಾದ ಈ ಅರಸರು ಸೋಮೇಶ್ವರದ ಸೋಮನಾಥನನ್ನು ಆರಾಧಿಸುತ್ತಿದ್ದರು. ಬಲ್ನಾಡು, ಅನಂತಾಡಿ, ಕೆಲಿಂಜಗಳಲ್ಲಿ ಇಂದಿಗೂ ಆರಾಧನೆಗೊಳ್ಳುವ ಉಳ್ಳಾಲ್ತಿಯ ಹೆಸರಿನಲ್ಲಿಯೇ ಉಳ್ಳಾಲವಿದೆ. ಕಷ್ಟ ಬಂದಾಗ ತುಳುನಾಡಿನವರು ಕಾರಣವನ್ನು ದೈವದ ನುಡಿಯಲ್ಲಿ ಕೇಳಿ, ಹರಕೆ ಸಲ್ಲಿಸಿ, ಅದರೊಂದಿಗೆ ‘ಪಡೆದದ್ದು ಇಷ್ಟೆ’ ಎಂದು ತಮ್ಮ ಕರ್ಮವನ್ನೂ ನೆನೆಯುತ್ತಾರೆ. ಇದನ್ನು ವಿರೋಧಾಭಾಸವೆಂದು ತಳ್ಳಿಹಾಕಿದರೆ ಓಲೆಯ ಚಿತ್ರಗಳೂ ಅರ್ಥವಾಗುವುದಿಲ್ಲ, ಅವನ್ನು ಉಳಿಸಿದ ಸಮಾಜವೂ ಅರ್ಥವಾಗುವುದಿಲ್ಲ.

ಬಿಜಾಪುರದ ಉತ್ತರ

ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ‘ನುಜೂಮ್ ಅಲ್-ಉಲೂಮ್’ ಪಾರಸಿ ಭಾಷೆಯ ಗ್ರಂಥ. ಹೆಸರಿನ ಅರ್ಥ ‘ವಿದ್ಯೆಗಳ ನಕ್ಷತ್ರಗಳು’ ಎಂದು. ಇದರ ಕರ್ತೃ ಸ್ವತಃ ಒಂದನೆಯ ಅಲಿ ಆದಿಲ್‌ಶಾಹನೇ ಎಂಬ ವಾದವನ್ನು ಎಮ್ಮಾ ಫ್ಲಾಟ್ ಮಂಡಿಸಿದ್ದಾರೆ. ಮೂಡುಬಿದಿರೆಯ ಓಲೆಗಳು ತೋರಿಸದೆ ಬಿಟ್ಟುದನ್ನೆಲ್ಲ ಈ ಗ್ರಂಥ ನೂರಾರು ಚಿತ್ರಗಳಲ್ಲಿ ತೋರಿಸುತ್ತದೆ. ಗ್ರಹಗಳಿಗೆ, ರಾಶಿಗಳಿಗೆ, ರಾಶಿಯ ಒಂದೊಂದು ಅಂಶಕ್ಕೂ ಇಲ್ಲಿ ರೂಪವಿದೆ. ಭಾರತೀಯ ಯೋಗಿನಿ ಪರಂಪರೆಯನ್ನು ನೆನಪಿಸುವ ‘ರೂಹಾನಿ’ ಸ್ತ್ರೀಶಕ್ತಿಗಳು ಆಯುಧ–ವಾಹನಗಳೊಂದಿಗೆ ಸಾಲುಗೊಂಡಿವೆ. ಅವನ್ನು ಆವಾಹಿಸುವ ವಿಧಾನಗಳಿವೆ. ಆನೆ, ಕುದುರೆ, ಆಯುಧಗಳ ಪ್ರಕರಣಗಳಿವೆ. ಅಂತಸ್ತು ಅಂತಸ್ತಾಗಿ ಏರುವ ‘ಅಭ್ಯುದಯದ ಸಿಂಹಾಸನ’ದ ಚಿತ್ರದಲ್ಲಿ ನೆತ್ತಿಯಲ್ಲಿ ಅರಸನು ಕುಳಿತಿದ್ದಾನೆ. ಯುರೋಪಿನ ಚಕ್ರದ ನೆತ್ತಿಯಲ್ಲಿಯೂ ಅರಸನಿದ್ದಾನೆ. ಆದರೆ ಅವನ ಮುಂದಿನ ಗತಿ ಪತನ. ಬಿಜಾಪುರದ ಸಿಂಹಾಸನದಲ್ಲಿ ಜಾರುವ ಮಗ್ಗುಲಿಲ್ಲ, ಇರುವುದು ಏರುವ ಮೆಟ್ಟಿಲು ಮಾತ್ರ.

ಕಲಾವಿಮರ್ಶಕರು ಈ ಹಸ್ತಪ್ರತಿಯನ್ನು ದಖನಿ ಶೈಲಿಯ ಆರಂಭದ ಮಾದರಿಯೆಂದು ಹೊಗಳಿದ್ದಾರೆ. ಆ ಹೊಗಳಿಕೆ ನ್ಯಾಯವೇ ಆದರೂ ಗ್ರಂಥದ ಪ್ರಯೋಜನ ಅದರಲ್ಲಿ ಮರೆಯಾಗುತ್ತದೆ. ಇಲ್ಲಿಯೂ ಚಿತ್ರವು ವರ್ಣನೆಯಲ್ಲ, ಉಪಕರಣ. ಶಕ್ತಿಯ ರೂಪವನ್ನು ತಪ್ಪಿಲ್ಲದೆ ತಿಳಿದವನಿಗೆ ಅದು ವಶವಾಗುತ್ತದೆ ಎಂಬುದು ಅದರ ತರ್ಕ. ಮೂಡುಬಿದಿರೆಯಲ್ಲಿ ಚಿತ್ರ ಕಾಯುತ್ತದೆ. ಬಿಜಾಪುರದಲ್ಲಿ ಚಿತ್ರ ಕರೆಯುತ್ತದೆ. ಅಲ್ಲಿ ಫಲ ದಾನ ಮಾಡಿದವಳಿಗೆ ಸಲ್ಲುತ್ತದೆ, ಇಲ್ಲಿ ಪುಸ್ತಕವನ್ನು ಹಿಡಿದ ಅರಸನಿಗೆ. ಗುರಿಯಲ್ಲಿ ಇಷ್ಟು ವ್ಯತ್ಯಾಸವಿದ್ದರೂ, ಅದೃಷ್ಟವನ್ನು ನೋಡಿ ನಿಟ್ಟುಸಿರಿಡುವ ವಸ್ತುವನ್ನಾಗಿ ಎರಡೂ ಪರಿಗಣಿಸುವುದಿಲ್ಲ.

ಗ್ರಂಥಗಳ ಅದೃಷ್ಟ

ಚರಿತ್ರೆ ಈ ಎರಡು ಉಪಾಯಗಳನ್ನೂ ಪರೀಕ್ಷೆಗೆ ಒಡ್ಡಿತು. ಗೋವೆಗೆ ಹಾಕಿದ ಮುತ್ತಿಗೆಯನ್ನು ಬಿಜಾಪುರವು 1571ರಲ್ಲಿ ತೆಗೆಯಬೇಕಾಯಿತು. 1580ರಲ್ಲಿ ಅಲಿ ಆದಿಲ್‌ಶಾಹನು ಕೊಲೆಯಾದನು. ಅವನ ಗ್ರಂಥ ಕಡಲಾಚೆಯ ಸಂಗ್ರಹವನ್ನು ಸೇರಿತು. ಉಳ್ಳಾಲದ ರಾಣಿಯರು ಮಾತ್ರ ಸೋಲು–ಗೆಲುವುಗಳ ನಡುವೆ ಆಳ್ವಿಕೆಯನ್ನು ಮುಂದುವರಿಸಿದರು. 1623ರಲ್ಲಿ ಮಣೇಲಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕಂಡ ಉಳ್ಳಾಲದ ರಾಣಿ ಸಿಂಹಾಸನದ ಮೇಲಿರಲಿಲ್ಲ. ಕೆಲವೇ ಪರಿವಾರದವರೊಂದಿಗೆ ಕಾಲುವೆಯ ಕೆಲಸ ನೋಡಲು ನಡೆದು ಹೊರಟಿದ್ದಳು.

ಮೂಡುಬಿದಿರೆಯ ಓಲೆಗಳು ದೀರ್ಘಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. 19ನೆಯ ಶತಮಾನದ ಕೊನೆಗೆ ಸೊಲ್ಲಾಪುರ, ಮುಂಬಯಿಗಳ ಶ್ರಾವಕರ ಪ್ರಯತ್ನದಿಂದ ಪ್ರತಿ ಮಾಡುವ ಕೆಲಸ ಆರಂಭವಾಗಿ, ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮಿರಜಿನ ಗಜಪತಿ ಉಪಾಧ್ಯಾಯ ಮೊದಲಾದವರು ಅದರಲ್ಲಿ ವರ್ಷಗಟ್ಟಲೆ ತೊಡಗಿದರು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ 1939ರಲ್ಲಿ ಹೊರಬಂದು, ಮುಂದೆ 16 ಸಂಪುಟಗಳಲ್ಲಿ ಪೂರ್ಣವಾಯಿತು. ಆ ವೇಳೆಗೆ ಮಹಾಬಂಧದ ಕೆಲವು ಓಲೆಗಳು ನಷ್ಟವಾಗಿದ್ದವು. ಮಂಗಲವಿದ್ದರೂ ಬಂದ ಈ ಅಂತರಾಯವು ವೀರಸೇನರ ಎಚ್ಚರಿಕೆಯನ್ನು ಸುಳ್ಳು ಮಾಡುವುದಿಲ್ಲ. ಪೂಜೆಯಿಂದ ಓಲೆ ಸುರಕ್ಷಿತವಾಗಿತ್ತು, ಆದರೆ ಪೂಜೆಯೊಂದರಿಂದಲೇ ಓಲೆ ಉಳಿಯುವುದಿಲ್ಲ. ಪ್ರತಿ ಮಾಡುವ ಕೈ ಬೇಕಾಗುತ್ತದೆ. ಹೆರ್ರಾಡ್ ಎಂಬ ಸಂನ್ಯಾಸಿನಿಯ 12ನೆಯ ಶತಮಾನದ ‘ಹೋರ್ಟುಸ್ ಡೆಲಿಸಿಯಾರುಮ್’ ಎಂಬ ಸಚಿತ್ರ ಗ್ರಂಥ, ತನ್ನಲ್ಲಿದ್ದ ಅದೃಷ್ಟಚಕ್ರದ ಸಮೇತ, 1870ರಲ್ಲಿ ಸ್ಟ್ರಾಸ್‌ಬುರ್ಗ್‌ನ ಗ್ರಂಥಾಲಯದಲ್ಲಿ ಸುಟ್ಟುಹೋಯಿತು. ಇಂದು ಅದನ್ನು ನಾವು ಬಲ್ಲುದು ಮೊದಲೇ ಮಾಡಿಟ್ಟಿದ್ದ ಪ್ರತಿಗಳಿಂದ.

ಈ ವಿವೇಚನೆಯಿಂದ ಮುಂದಿನ ಸಂಶೋಧಕರಿಗೆ ಒಂದು ಕೆಲಸ ತೋರುತ್ತದೆ. ಮೂಡುಬಿದಿರೆಯ ಚಿತ್ರಗಳನ್ನು ಓಲೆಯಿಂದ ಕತ್ತರಿಸಿದಂತೆ ಬಿಡಿಬಿಡಿಯಾಗಿ ಮುದ್ರಿಸುವ ಪದ್ಧತಿಯನ್ನು ಬಿಡಬೇಕು. ಯಾವ ಚಿತ್ರ ಯಾವ ಓಲೆಯಲ್ಲಿ, ಪಠ್ಯದ ಯಾವ ಸಾಲುಗಳ ನಡುವೆ, ಎಡದಲ್ಲೋ ಬಲದಲ್ಲೋ ನಡುವಿನಲ್ಲೋ ಇದೆ ಎಂಬುದನ್ನು ಪಠ್ಯಸಮೇತ ದಾಖಲಿಸಿದಾಗ, ಇಲ್ಲಿ ಸೂಚಿಸಿರುವ ಮಂಗಲಾರ್ಥವು ನಿಲ್ಲುತ್ತದೆಯೋ ಬೀಳುತ್ತದೆಯೋ ಎಂಬುದು ಖಚಿತವಾಗುತ್ತದೆ. ಪಾಠಸಂಪಾದಕರು ಚಿತ್ರವನ್ನೂ ಕಲಾಚರಿತ್ರಕಾರರು ಪಠ್ಯವನ್ನೂ ಬಿಟ್ಟು ನಡೆದ ಈವರೆಗಿನ ಅಧ್ಯಯನದಲ್ಲಿ, ಒಂದೇ ಗರಿಯ ಮೇಲೆ 900 ವರ್ಷಗಳಿಂದ ಜೊತೆಗಿರುವ ಎರಡು ಬರಹಗಳು ಬೇರೆಯಾಗಿವೆ. ಅವನ್ನು ಮತ್ತೆ ಕೂಡಿಸಿ ಓದುವ ಹೊಣೆ ನಮ್ಮ ವಿಶ್ವವಿದ್ಯಾನಿಲಯಗಳ ಹಸ್ತಪ್ರತಿ ವಿಭಾಗಗಳ ಮೇಲಿದೆ.